ನೀರು ಕುಡಿಯೋಣಾಗಲಿ

ಒಬ್ಬ ಮನುಷ್ಯ ನನ್ನ ಜೊತೆ ಹೆಚ್ಚುಕಡಿಮೆ ಒಂದು ವರ್ಷ ದಿನಾಲೂ ಮಾತಾಡಿದರು. ಆ ವರ್ಷದಲ್ಲಿ ಅವರು ನನ್ನನ್ನು ‘ನೀನು’ ಎನ್ನಲಿಲ್ಲ, ‘ನೀವು’ ಎಂದೂ ಎನ್ನಲಿಲ್ಲ. ನೀವು ಎಂದರೆ ನನ್ನ ಜಾತಿಗೆ ಮರ್ಯಾದೆ ಕೊಟ್ಟಂತಾಗುತ್ತಿತ್ತು. ನೀನು ಎನ್ನೋಣವೆಂದರೆ ನಾನೂ ಅವರ ಹಾಗೆಯೇ ಸರ್ಕಾರಿ ಶಾಲೆಯಲ್ಲಿ ದಿನಾ ಸಹಿ ಹಾಕುವ ಟೀಚರು. ಈ ಇಕ್ಕಟ್ಟಿನಿಂದ ಪಾರಾಗಲು ಅವರು ಕನ್ನಡ ವ್ಯಾಕರಣದೊಳಗೆ ಒಂದು ಬಿಲ ಹುಡುಕಿಕೊಂಡಿದ್ದರು. ನಮ್ಮ ಕಡೆಯ ಹಳಬರು ಸ್ವಾಮಿಗಳನ್ನೋ ದೊಡ್ಡ ಬೀಗರನ್ನೋ ಕರೆಯುವಾಗ ‘ಬರೋಣಾಗಲಿ, ಕೂಡೋಣಾಗಲಿ’ ಎನ್ನುತ್ತಾರಲ್ಲ, ಆ ಮಾತು. ಅದರಲ್ಲಿ ಯಾರು ಬರಬೇಕು, ಯಾರು ಕೂಡಬೇಕು ಎಂಬುದೇ ಇರುವುದಿಲ್ಲ. ದೊಡ್ಡವರ ಮೈಗೆ ‘ನೀವು’ ಕೂಡ ತಾಗಬಾರದೆಂದು ಮಾಡಿದ ಮಾತನ್ನು ಇವರು, ತಮ್ಮ ನಾಲಗೆ ನನಗೆ ತಾಗಬಾರದೆಂದು ಬಳಸುತ್ತಿದ್ದರು. ‘ಬರೋಣಾಗಲಿ’, ‘ಹಾಜರಿ ತಗೊಳ್ಳೋಣಾಗಲಿ’. ಮೊದಲ ವಾರ ನನಗೆ ಇದು ತಿಳಿಯದೆ, ಯಾವುದೋ ಮಠದ ಒಡತಿಯ ಹಾಗೆ ಸ್ವಲ್ಪ ಬೀಗಿದ್ದೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ರಾಯಚೂರಿನ ನಮ್ಮ ಕೇರಿಯಲ್ಲಿ ಬೆಳೆದು ಟೀಚರ ಟ್ರೇನಿಂಗು ಮುಗಿಸಿದ ನನಗೆ ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ನೇಮಕವಾಗಿತ್ತು. ಜೊತೆಗೆ ನಮ್ಮವ್ವ ಬಂದಳು. ಹೊಲದ ಕೂಲಿ ಮಾಡಿ ನನ್ನನ್ನು ಓದಿಸಿದವಳು. ಮಗಳು ಕುರ್ಚಿಯ ಮೇಲೆ ಕೂತದ್ದನ್ನು ಕಣ್ಣಾರೆ ನೋಡುತ್ತೇನೆಂದು, ಕಂಡಕ್ಟರನ ಜೊತೆ ಜಗಳ ಮಾಡಿ ತನ್ನ ಆಡನ್ನೂ ಬಸ್ಸಿಗೆ ಹತ್ತಿಸಿಕೊಂಡು ಬಂದಿದ್ದಳು.

ನಾನು ಹೇಳುತ್ತಿರುವ ಮನುಷ್ಯ ಆ ಶಾಲೆಯ ವಿಜ್ಞಾನದ ಮಾಸ್ತರು. ಅವರ ಜಾತಿ ಯಾವುದೆಂದು ಬರೆಯುವುದಿಲ್ಲ. ಬರೆದರೆ ಉಳಿದ ಜಾತಿಯವರೆಲ್ಲ ‘ಓ, ಅವರಾ’ ಎಂದು ಆರಾಮಾಗಿ ಕಾಲು ಚಾಚಿ ಓದುತ್ತಾರೆ. ಶಾಲೆಯಲ್ಲಿ ಅವರು ರಕ್ತದ ಗುಂಪುಗಳ ಪಾಠ ಮಾಡುತ್ತಿದ್ದರು: ಎ, ಬಿ, ಎಬಿ, ಓ. ಭಾನುವಾರ ಮಾನ್ವಿಯಲ್ಲೋ ರಾಯಚೂರಿನಲ್ಲೋ ಸಭೆ ಸೇರಿಸಿ, ರಕ್ತದಲ್ಲಿರುವುದು ಎರಡೇ ಗುಂಪು, ಮೇಲಿನದು ಮತ್ತು ಕೆಳಗಿನದು, ಎಂದು ಭಾಷಣ ಮಾಡುತ್ತಿದ್ದರು. ಬರೀ ಭಾಷಣವಾಗಿದ್ದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದಿತ್ತು. ಆದರೆ ಅದನ್ನು ಕೇಳಿದ ಹುಡುಗರು ಬಡಿಗೆ ಹಿಡಿದು ತಿರುಗುತ್ತಿದ್ದರು. ನಾನು ಬರುವ ಮುಂಚಿನ ಬೇಸಿಗೆಯಲ್ಲಿ, ಊರ ಬಾವಿಯಲ್ಲಿ ನೀರು ಸೇದಿದನೆಂದು ನಮ್ಮ ಜನದವನೊಬ್ಬನ ಕೈ ಮುರಿದಿದ್ದರು. ಮಾಸ್ತರು ಅಲ್ಲಿರಲಿಲ್ಲ. ಮುಂದಿನ ಭಾನುವಾರ ಮಾತ್ರ ‘ಹುಡುಗರು ತಪ್ಪೇನು ಮಾಡ್ಯಾರ’ ಎಂದು ಮೈಕಿನಲ್ಲಿ ಕೇಳಿದ್ದರಂತೆ.

ಶಾಲೆಯ ಪಡಸಾಲೆಯಲ್ಲಿ ಮಣ್ಣಿನ ಒಂದು ದೊಡ್ಡ ಹರವಿ ಇತ್ತು, ಕಟ್ಟಿಗೆಯ ಮೇಲೆ ಕೂರಿಸಿದ್ದು. ಅದರ ಬಾಯಿಗೊಂದು ತಾಟು, ತಾಟಿನ ಮೇಲೊಂದು ಹಿತ್ತಾಳೆಯ ಗ್ಲಾಸು. ಊರೊಳಗಿನ ಮಕ್ಕಳು ಗ್ಲಾಸು ಅದ್ದಿ ಕುಡಿಯುತ್ತಿದ್ದರು. ನಮ್ಮ ಕೇರಿಯ ಹುಡುಗಿಯರು ಹರವಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಬೊಗಸೆ ಒಡ್ಡಬೇಕು. ಯಾರಾದರೂ ಮನಸ್ಸು ಬಂದರೆ ಮೇಲಿನಿಂದ ಸುರಿಯಬೇಕು. ಮನಸ್ಸು ಬಾರದಿದ್ದರೆ ಗಂಟೆ ಬಾರಿಸುವ ತನಕ ಕೂತು, ಒಣ ಬೊಗಸೆ ಲಂಗಕ್ಕೆ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ರಾಯಚೂರು ಸೀಮೆಯ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ನಾನಂತೂ ಮನೆಯಿಂದ ತಂಬಿಗೆಯಲ್ಲಿ ನೀರು ಒಯ್ಯುತ್ತಿದ್ದೆ. ‘ನೌಕರಿ ಸರ್ಕಾರದ್ದು, ನೀರು ಮನೀದು’ ಎಂದು ಅವ್ವ ದಿನಾ ಬೆಳಿಗ್ಗೆ ತಂಬಿಗೆ ತುಂಬುವಾಗ ಅಣಕಿಸುತ್ತಿದ್ದಳು. ನನ್ನ ತಂಬಿಗೆ ಹೇಗಾದರೂ ಇರಲಿ, ಆ ಹುಡುಗಿಯರು ತಮ್ಮ ಕೈಯಾರೆ ಆ ಹರವಿಯಲ್ಲಿ ಗ್ಲಾಸು ಅದ್ದಿ ಕುಡಿಯಬೇಕು ಎನ್ನುವುದು ನನ್ನ ತಲೆ ಹೊಕ್ಕಿತು. ಆ ವರ್ಷ ನನಗೆ ಬೇರೆ ಯಾವ ಗುರಿಯೂ ಇರಲಿಲ್ಲ. ಪಠ್ಯಕ್ರಮ ಮುಗಿಸುವ ಗುರಿ ಸಹ ಇರಲಿಲ್ಲ.

ಹೆಡ್ ಮಾಸ್ತರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಆದರೆ ಎದುರಿಗೆ ಯಾರು ನಿಂತರೂ ಅವರೇ ಸರಿ ಎನ್ನಿಸುವ ಜಾತಿಯ ಮನುಷ್ಯ.

“ಹರವಿ ಎಲ್ಲಾರದು, ಟೀಚರ. ಬೇಷಕ್ ಎಲ್ಲಾರದು,” ಎಂದರು. “ಆದ್ರ ಸೈನ್ಸ್ ಮಾಸ್ತರು ಒಬ್ರು ಹೂಂ ಅನಬೇಕು. ಅವರು ಅಂದ್ರ ಊರು ಅಂತದ. ಇಬ್ರೂ ಕಲ್ತವ್ರಿದ್ದೀರಿ, ಕೂತು ಮಾತಾಡಿ ಬಗಿಹರಿಸ್ಕೊರ್ರಿ.”

ಕಾನೂನು ಇತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಇತ್ತು. ಕೈ ಮುರಿಸಿಕೊಂಡವನೂ ಕಾನೂನನ್ನು ಹುಡುಕಿಕೊಂಡು ಹೋಗಿದ್ದ. ಪೊಲೀಸ್ ಠಾಣೆಯಲ್ಲಿ ಅವನನ್ನು ಕೂರಿಸಿದ್ದು ಹೊರಗಿನ ಬೇವಿನ ಗಿಡದ ಕೆಳಗೆ. ನನಗೂ ಟ್ರೇನಿಂಗಿನಲ್ಲಿ ಒಂದು ಹುಚ್ಚು ಹತ್ತಿಸಿ ಕಳಿಸಿದ್ದರು: ಎಂಥ ಮೊಂಡ ಹುಡುಗನಾದರೂ ಶಾಂತವಾಗಿ ಮಾತಾಡಿದರೆ ತಿಳಿದುಕೊಳ್ಳುತ್ತಾನೆ ಎಂದು. ಮೊಂಡ ಹುಡುಗನಿಗೆ ನಲವತ್ತೈದು ವರ್ಷವಾಗಿದ್ದರೆ ಏನು ಮಾಡಬೇಕೆಂದು ಅಲ್ಲಿ ಹೇಳಿರಲಿಲ್ಲ.

“ಅಂವನ ಕೂಡ ಏನು ಮಾತಾಡ್ತಿ?” ಎಂದು ಅವ್ವ ಕೇಳಿದಳು.

“ತಿಳಿಸಿ ಹೇಳ್ತೀನಬೇ.”

“ಅಂವಗ ತಿಳೀವಲ್ದು ಅಂತ ಅಂದ್ಕೊಂಡಿಯೇನು? ತಿಳಿದೇ ಮಾಡಾಕತ್ಯಾನ.”

ಅವ್ವನ ಮಾತಿಗೆ ನಾನು ನಕ್ಕೆ. ಟ್ರೇನಿಂಗ್ ಆದವಳು ನಾನು, ಅವಳಲ್ಲ.

ಹೀಗೆ ನಮ್ಮ ಮಾತು ಶುರುವಾಯಿತು. ಮಧ್ಯಾಹ್ನದ ಬಿಡುವಿನಲ್ಲಿ, ಮಾಸ್ತರರ ಕೋಣೆಯ ಕಿಟಕಿಯ ಪಕ್ಕ, ನಡುವೆ ಎರಡು ಕುರ್ಚಿ ಖಾಲಿ ಬಿಟ್ಟು ಕೂಡುತ್ತಿದ್ದೆವು. ಕಿಟಕಿಯ ಆಚೆಗೇ ಹರವಿ. ಅವರು ಸಿಟ್ಟಾಗಬಹುದು, ಎದ್ದು ಹೋಗಬಹುದು ಎಂದುಕೊಂಡಿದ್ದೆ. ಇಲ್ಲ, ಅವರಿಗೆ ಖುಷಿಯೋ ಖುಷಿ. ಊರಲ್ಲಿ ಅವರ ಮಾತಿಗೆ ಹೂಂ ಎನ್ನುವವರಿದ್ದರು, ಎದುರಾಡುವವರು ಇರಲಿಲ್ಲ. ಉಪ್ಪಿನಕಾಯಿ ಇಲ್ಲದೆ ವರ್ಷಗಟ್ಟಲೆ ಮೊಸರನ್ನ ಉಂಡವರ ಹಾಗೆ ಅವರು ನನ್ನ ಮೇಲೆ ಬಿದ್ದರು.

ಅವರ ಸಿದ್ಧಾಂತಗಳಲ್ಲಿ ನನಗೆ ಬಹಳ ಸೇರಿದ್ದು ಮೂಗಿನದು. ಎತ್ತರದ ಕುಲದವರ ಮೂಗು ನೀಳ, ಉಳಿದವರದು ಮೊಂಡ; ಇದು ವಿಜ್ಞಾನ, ಅಳೆದು ತೋರಿಸುತ್ತೇನೆ, ಎಂದರು. ಅಳೆಯಲು ಮುಟ್ಟಬೇಕಲ್ಲ? ಅದಕ್ಕೂ ದಾರಿ ಇತ್ತು. ಇಳಿಬಿಸಿಲು ಬರುವ ಹೊತ್ತಿಗೆ ನನ್ನನ್ನು ಗೋಡೆಯ ಕಡೆ ಓರೆಯಾಗಿ ನಿಲ್ಲಿಸಿ, ಗೋಡೆಯ ಮೇಲೆ ಬಿದ್ದ ನನ್ನ ಮೂಗಿನ ನೆರಳನ್ನು ಕಂಪಾಸ ಪೆಟ್ಟಿಗೆಯ ಡಿವೈಡರಿನಿಂದ ಅಳೆದರು. ಆಮೇಲೆ ತಮ್ಮದನ್ನು ನನ್ನಿಂದ ಅಳೆಸಿದರು. ನನ್ನದು ಉದ್ದ ಬಂತು.

“ಸೂರ್ಯ ಸರಿದಾನ,” ಎಂದರು ಮಾಸ್ತರು.

“ಹೌದ್ರಿ ಸರ್. ಅಂವನೂ ನಮ್ಮ ಕೇರಿ ಕಡೀಗೇ ಮುಳುಗ್ತಾನ,” ಎಂದೆ.

ಅವರು ನಕ್ಕರು. ನಿಜವಾಗಿಯೂ, ಹೊಟ್ಟೆ ಕುಣಿಯುವ ಹಾಗೆ ನಕ್ಕರು. ನಾನೂ ನಕ್ಕೆ. ಆ ದಿನ ಮನೆಗೆ ಹೋಗುವಾಗ, ಕೆಲಸ ಅರ್ಧ ಆಯಿತು ಎಂದುಕೊಂಡೆ. ಒಟ್ಟಿಗೆ ನಕ್ಕವನು ನಾಳೆ ಒಟ್ಟಿಗೆ ನೀರು ಕುಡಿಯುತ್ತಾನೆ ಎನ್ನುವುದು ನನ್ನ ಲೆಕ್ಕ. ರಕ್ತದ ವಿಷಯವನ್ನೂ ಬಿಡಲಿಲ್ಲ. “ನಿಮ್ದು ಓ ಗುಂಪು, ನಂದೂ ಓ, ನಾವಿಬ್ರೂ ಒಂದೇ ಬೆಡಗು, ಒಂದೇ ಕುಲದವರಾದ್ವಲ್ರಿ” ಎಂದು ಕೆಣಕಿದ್ದೆ. ಓದುವವರು ಈಗ, ಮಾಸ್ತರರಿಗೆ ಅಪಘಾತವಾಗಿ ನನ್ನ ರಕ್ತವೇ ಬೇಕಾಗುತ್ತದೆ ಎಂದು ಕಾಯುತ್ತಿದ್ದರೆ ಕ್ಷಮಿಸಬೇಕು. ಅದು ಸಿನಿಮಾದಲ್ಲಿ. ನಮ್ಮ ಮಾಸ್ತರಿಗೆ ಆ ವರ್ಷವೆಲ್ಲ ನೆಗಡಿ ಕೂಡ ಆಗಲಿಲ್ಲ.

ಅವರ ಬಿಲದ ವ್ಯಾಕರಣ ಮಾತ್ರ ಅಲುಗಲಿಲ್ಲ. ಕೇರಿಯ ಹುಡುಗಿಯರ ಹೆಸರನ್ನೂ ಅವರು ಕರೆಯುತ್ತಿರಲಿಲ್ಲ. ‘ಲೇ’ ಎನ್ನುವುದಕ್ಕೂ ಒಂದಿಷ್ಟು ಸಲಿಗೆ ಬೇಕಲ್ಲ, ಅದೂ ಇರಲಿಲ್ಲ. ಅವರಿಗೂ ‘ಹಿಂದ ಕೂಡೋಣಾಗಲಿ’, ‘ಹೊರಗ ನಿಲ್ಲೋಣಾಗಲಿ’. ಊರ ಮಕ್ಕಳಿಗೆ ‘ಬಾರೋ’, ‘ಕೂಡ್ರೋ’. ಇದರಿಂದ ಒಂದು ತಮಾಷೆ ಆಗಿತ್ತು. ಮಠ, ಸ್ವಾಮಿ, ಬೀಗರು, ಇವರ ಮರ್ಯಾದೆ ಯಾವುದೂ ಕಾಣದ ಆ ಹುಡುಗಿಯರು, ‘ಓಣಾಗಲಿ’ ಎಂದರೆ ನಮ್ಮ ಜಾತಿಯವರಿಗೆ ಆಡುವ ಮಾತು ಎಂದೇ ತಿಳಿದಿದ್ದರು. ಕೇರಿಯಲ್ಲಿ ಅದು ಆಟವಾಯಿತು. ‘ರೊಟ್ಟಿ ತಿನ್ನೋಣಾಗಲಿ’, ‘ಮೂಗು ಒರಿಸೋಣಾಗಲಿ.’ ನಮ್ಮವ್ವ ಹಟ್ಟಿಯಲ್ಲಿ ಅಡ್ಡ ನಿಂತ ಆಡಿಗೆ ‘ಸರಿಯೋಣಾಗಲಿ’ ಎನ್ನುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಶಾಲೆ ಶುರುವಾದಾಗ ಆರಂಭವಾದ ಮಾತು ಚಳಿಗಾಲ ದಾಟಿತು. ಪ್ರತಿ ಸಲ ನಾನು ಹರವಿಯ ವಿಷಯಕ್ಕೆ ಬಂದಾಗ ಅವರು ‘ಅದಕ್ಕ ಬರೋಣು, ಮೊದಲ ಮೂಲಭೂತ ಪ್ರಶ್ನೆ ಇತ್ಯರ್ಥ ಆಗ್ಲಿ’ ಎನ್ನುತ್ತಿದ್ದರು. ಮೂಲಭೂತ ಪ್ರಶ್ನೆಗಳು ಅವರ ಹತ್ತಿರ ಜೋಳದ ಚೀಲದಲ್ಲಿದ್ದಂತೆ ಇದ್ದವು, ತೆಗೆದಷ್ಟೂ ಬರುತ್ತಿದ್ದವು.

ಬಿಸಿಲು ಏರತೊಡಗಿದ ಒಂದು ಭಾನುವಾರ, ಸಂಬಂಧಿಕರ ಮನೆಯ ನಿಶ್ಚಯಕ್ಕೆಂದು ಮಾನ್ವಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಮೈಕಿನಲ್ಲಿ ಪರಿಚಯದ ದನಿ. ಒಂದು ಚಹಾದ ಅಂಗಡಿಯ ಮರೆಯಲ್ಲಿ ನಿಂತು ಕೇಳಿದೆ.

“ನಾ ದ್ವೇಷ ಮಾಡಾವ ಅಲ್ಲ,” ಎನ್ನುತ್ತಿದ್ದರು ಮಾಸ್ತರು. “ಅವರೊಳಗ ಕಲ್ತಾಕಿ ಒಬ್ಬಾಕಿ ಅದಾಳ. ಆಕಿ ಕೂಡ ದಿನಾ ಕೂತು ಮಾತಾಡ್ತೀನಿ. ದ್ವೇಷ ಇದ್ರ ಮಾತಾಡ್ತಿದ್ನೇನು? ಆಕಿ ನಗ್ತಾಳ, ನಾನೂ ನಗ್ತೀನಿ. ಆದ್ರ ಒಂದು ಪ್ರಶ್ನೆಗೂ ಆಕಿ ಕಡಿ ಉತ್ತರ ಇಲ್ಲ.”

ಅಲ್ಲಿಂದ ನನ್ನ ಒಂದೊಂದೇ ವಾದವನ್ನು ತೆಗೆದು ಜನರ ಮುಂದಿಟ್ಟರು. ನನಗಿಂತ ಚೆನ್ನಾಗಿ ಹೇಳಿದರು, ಸುಳ್ಳಲ್ಲ. ಆಮೇಲೆ ಒಂದೊಂದಕ್ಕೂ ಉತ್ತರ ಕೊಟ್ಟರು. ಶಾಲೆಯ ಕೋಣೆಯಲ್ಲಿ ಹೊಳೆಯದಿದ್ದ ಉತ್ತರಗಳು ರಾತ್ರಿ ಮನೆಯಲ್ಲಿ ಹೊಳೆದಿದ್ದವು ಎಂದು ಕಾಣುತ್ತದೆ. ಸೂರ್ಯ ಕೇರಿಯ ಕಡೆಗೇ ಮುಳುಗುತ್ತಾನೆ ಎಂಬ ನನ್ನ ಜೋಕನ್ನೂ ಹೇಳಿದರು, “ಅದಕ್ಕ ಅಲ್ಲಿ ಕತ್ಲಿ” ಎಂದು ಸೇರಿಸಿದರು. ಜನ ಚಪ್ಪಾಳೆ ಹೊಡೆದರು. ಬಡಿಗೆಯ ಹುಡುಗರು ಮುಂದಿನ ಸಾಲಿನಲ್ಲೇ ಕೂತಿದ್ದರು. ಇಷ್ಟು ತಿಂಗಳೂ ನಾನು ಅವರನ್ನು ತಿದ್ದುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನ ಮೇಲೆ ತಮ್ಮ ಕುಡುಗೋಲು ಮಸೆದುಕೊಳ್ಳುತ್ತಿದ್ದರು.

ಮರುದಿನ ಮಧ್ಯಾಹ್ನ ನಾನು ಕಿಟಕಿಯ ಪಕ್ಕ ಕೂಡಲಿಲ್ಲ. ಅವರು ಬಂದು ಖಾಲಿ ಕುರ್ಚಿ ನೋಡಿ ನಿಂತರು.

“ಇವತ್ತು ಚರ್ಚಾ ಇಲ್ಲೇನು?”

“ಮಾನ್ವಿಯೊಳಗ ಪೂರಾ ಕೇಳಿ ಬಂದೀನ್ರಿ,” ಎಂದೆ.

ಅವರಿಗೆ ನಾಚಿಕೆಯಾಗಲಿಲ್ಲ. ಖುಷಿಯಾಯಿತು. “ಹೆಂಗಿತ್ತು?” ಎಂದು ಕೇಳಿದರು, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ. ಆಮೇಲೆ ನಾನು ಅವರ ಜೊತೆ ಮಾತಾಡಲಿಲ್ಲ. ಅವರು ಹಲವು ದಿನ ಆ ಕಿಟಕಿಯ ಹತ್ತಿರ ಒಬ್ಬರೇ ಕೂತು ರೊಟ್ಟಿ ತಿಂದರು. ಹೊರಗೆ ಹುಡುಗಿಯರು ಮೊದಲಿನ ಹಾಗೆಯೇ ಬೊಗಸೆ ಒಡ್ಡಿ ಕೂಡುತ್ತಿದ್ದರು.

ವರ್ಷದ ಕೊನೆಗೆ ರಾಯಚೂರಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಜೀಪು ಕೆಟ್ಟು, ಕೊನೆಯ ದಾರಿಯನ್ನು ನಡೆದೇ ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಹೆಡ್ ಮಾಸ್ತರು ಗಾಬರಿಯಲ್ಲಿ ಹೂವಿನ ಹಾರವನ್ನು ಹುಡುಕುತ್ತ ಒಳಗೆ ಹೊರಗೆ ಓಡಾಡುತ್ತಿದ್ದರು. ಎದುರುಗೊಳ್ಳುವ ಕೆಲಸ ವಿಜ್ಞಾನದ ಮಾಸ್ತರಿಗೆ ಬಿತ್ತು. ಅವರು ಸಾಹೇಬರನ್ನು ಹರವಿಯ ಹತ್ತಿರ ಕರೆತಂದು, ಗ್ಲಾಸನ್ನು ತೊಳೆದಿಟ್ಟು, ಎರಡೂ ಕೈ ಜೋಡಿಸಿ, ನಡು ಬಗ್ಗಿಸಿ ನಮಸ್ಕಾರ ಮಾಡಿ ಹೇಳಿದರು:

“ನೀರು ಕುಡಿಯೋಣಾಗಲಿ.”

ಭಕ್ತಿ ಹೆಚ್ಚಾಗಿ ಅವರು ಎಷ್ಟು ಬಗ್ಗಿದ್ದರೆಂದರೆ, ಅವರ ಮುಖ ಸಾಹೇಬರ ಕಡೆಗಿರಲಿಲ್ಲ. ಹರವಿಯ ಬುಡದಲ್ಲಿ ಬೊಗಸೆ ಒಡ್ಡಿ ಕೂತಿದ್ದ ಹುಡುಗಿಯರ ಕಡೆಗಿತ್ತು. ಅವರಲ್ಲಿ ದೊಡ್ಡವಳು, ಏಳನೆಯ ಇಯತ್ತೆಯವಳು, ಬೆರಗಾಗಿ ಅವರನ್ನು ನೋಡಿದಳು. ಮಾಸ್ತರು ತಮ್ಮ ಕಡೆಗೇ ಮುಖ ಮಾಡಿದ್ದಾರೆ, ತಮ್ಮ ಜಾತಿಯ ಮಾತಿನಲ್ಲೇ ಹೇಳಿದ್ದಾರೆ. ಇನ್ನೇನು ಬೇಕು? ಅವಳು ಎದ್ದಳು, ಗ್ಲಾಸು ತೆಗೆದುಕೊಂಡಳು, ಹರವಿಯಲ್ಲಿ ಮೊಳಕೈವರೆಗೆ ಕೈ ಇಳಿಬಿಟ್ಟು ತುಂಬಿಕೊಂಡು, ಗಟಗಟ ಕುಡಿದಳು.

ಮಾಸ್ತರು ತಲೆ ಎತ್ತಿದರು. ಮುಖ ಕಪ್ಪಿಟ್ಟಿತು.

“ನಿನಗಲ್ಲ,” ಎಂದರು.

ಆ ವರ್ಷ ನಮ್ಮಲ್ಲಿ ಯಾರಿಗಾದರೂ ಅವರು ‘ನೀನು’ ಎಂದು ನೇರವಾಗಿ ಆಡಿದ ಮೊದಲ ಮಾತು ಅದು. ಹುಡುಗಿ ಗ್ಲಾಸು ಹಿಡಿದೇ ನಿಂತಿದ್ದಳು. ನಾನು ತರಗತಿಯ ಬಾಗಿಲಿನಲ್ಲಿದ್ದವಳು ಮುಂದೆ ಬಂದೆ.

“ಆಕಿಗಲ್ಲಂದ್ರ ಯಾರಿಗ್ರಿ ಸರ್?” ಎಂದೆ. “ಸಾಹೇಬ್ರ ಮುಂದ ಹೇಳ್ರಲ್ಲ, ಯಾರಿಗೆ ಅದ, ಯಾರಿಗೆ ಇಲ್ಲ ಅಂತ.”

ಸಾಹೇಬರು ಮೂವರನ್ನೂ ನೋಡಿದರು. “ಏನ್ರಿ ಇದು? ಇಲ್ಲಿ ಕುಡಿಯೋ ನೀರಿನೊಳಗ ಭೇದ ಅದ ಏನು?” ಎಂದರು.

ವಿಜ್ಞಾನದ ಮಾಸ್ತರು ಬಾಯಿ ತೆರೆದರು. ಮೂಲಭೂತ ಪ್ರಶ್ನೆಗಳು ಒಂದೂ ಹೊರಗೆ ಬರಲಿಲ್ಲ. ಹಾರ ಸಿಕ್ಕ ಹೆಡ್ ಮಾಸ್ತರು ಅಷ್ಟರಲ್ಲಿ ಓಡಿ ಬಂದಿದ್ದರು. “ಭೇದಾ? ಇಲ್ರಿ ಸಾಹೇಬ್ರ,” ಎಂದರು, ಒಂದು ಚೂರೂ ತಡವರಿಸದೆ. “ನಮ್ಮ ಸಾಲ್ಯಾಗ ಎಲ್ಲಾ ಮಕ್ಕಳೂ ಒಂದೇ ಹರವಿ, ಒಂದೇ ಗ್ಲಾಸು. ಮೊದಲಿಂದ್ಲೂ ಹಂಗ ಅದ.”

“ಹಂಗಾರ ನನಗೂ ಒಂದು ಗ್ಲಾಸು ಕೊಡವ್ವಾ, ಜೀವ ಹೋಗಾಕತ್ತೈತಿ,” ಎಂದು ಸಾಹೇಬರು ಹುಡುಗಿಯ ಮುಂದೆ ಕೈ ಚಾಚಿದರು. ಅವಳೇ ತುಂಬಿಕೊಟ್ಟಳು. ಹೆಡ್ ಮಾಸ್ತರೂ ಕಣ್ಣು ಮುಚ್ಚಿಕೊಂಡು ಕುಡಿದರು. ವಿಜ್ಞಾನದ ಮಾಸ್ತರು ತಮಗೆ ಇವತ್ತು ಉಪವಾಸ ಎಂದರು.

ನನ್ನ ವರ್ಷದ ಸತ್ಯ ಮಾಡದ ಕೆಲಸವನ್ನು ಹೆಡ್ ಮಾಸ್ತರ ಒಂದು ಸುಳ್ಳು ಮಾಡಿತು. ಸಾಹೇಬರ ಮುಂದೆ ಹೇಳಿಬಿಟ್ಟಿದ್ದಾರೆ, ಇನ್ನು ಹಾಗೆಯೇ ನಡೆಸಬೇಕು. ಇಲ್ಲದಿದ್ದರೆ ಮುಂದಿನ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ. ಬಡಿಗೆಯ ಹುಡುಗರು ಹರವಿ ಒಡೆದರು. ಹೆಡ್ ಮಾಸ್ತರು ಹೊಸದನ್ನು ತಂದಿಟ್ಟರು. ಅದನ್ನೂ ಒಡೆದರು, ಇವರು ಮತ್ತೊಂದು ತಂದರು. ನಾನು ಕಂಡ ಅತ್ಯಂತ ಹೇಡಿ ಮನುಷ್ಯ, ಇನ್ನೂ ದೊಡ್ಡ ಹೆದರಿಕೆಯ ಮುಂದೆ ಹುಲಿಯಾಗಿದ್ದರು. ಊರ ಕೆಲವು ಮಕ್ಕಳು ಶಾಲೆ ಬಿಟ್ಟರು, ಪರೀಕ್ಷೆಗೆ ವಾಪಸು ಬಂದರು. ನನಗೆ ಭಯವಿತ್ತು, ಬಹಳವೇ ಇತ್ತು. ಅವ್ವ ಕುಡುಗೋಲನ್ನು ಹಾಸಿಗೆಯ ಹತ್ತಿರ ಇಟ್ಟುಕೊಳ್ಳತೊಡಗಿದಳು. ವಿಜ್ಞಾನದ ಮಾಸ್ತರು ಮನೆಯಿಂದ ತಂಬಿಗೆಯಲ್ಲಿ ನೀರು ತರತೊಡಗಿದರು. ನಾನು ತರುವುದನ್ನು ಬಿಟ್ಟೆ. ಮುಂದಿನ ವರ್ಷ ಅವರು ಮಾನ್ವಿಯ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಅವರ ವಿಚಾರ ಎಳ್ಳಷ್ಟೂ ಬದಲಾಗಲಿಲ್ಲವೆಂದು ಬಂದವರು ಹೇಳುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ರಾಯಚೂರಿಗೆ ಬಂದೆ. ಹೊಸ ಟೀಚರುಗಳಿಗೆ ಉಪನ್ಯಾಸ ಕೊಡಲು ಆಗಾಗ ಕರೆಯುತ್ತಿದ್ದರು, ನಾನು ಈ ಕತೆ ಹೇಳುತ್ತಿದ್ದೆ. ಇಂಥವರ ಜೊತೆ ಮಾತಾಡಿ ಫಲವುಂಟೇ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಉಂಟು ಎನ್ನುತ್ತಿದ್ದೆ. ನನ್ನ ಒಂದು ವರ್ಷದ ಮಾತು ನೆಲ ಹದ ಮಾಡಿತ್ತು, ಅದಕ್ಕೇ ಆ ದಿನ ಅವರ ಬಾಯಿ ಕಟ್ಟಿತು ಎಂದು ವಿವರಿಸುತ್ತಿದ್ದೆ. ಹೇಳಿ ಹೇಳಿ ಅದನ್ನು ನಾನೂ ನಂಬಿದ್ದೆ. ಅವರ ಬದಲಾವಣೆ ಮುಖ್ಯವಲ್ಲ, ಪಕ್ಕದಲ್ಲಿ ಕೇಳಿಸಿಕೊಂಡವರ ಬದಲಾವಣೆ ಮುಖ್ಯ ಎಂಬ ಒಂದು ಮಾತನ್ನೂ ಕಟ್ಟಿಕೊಂಡಿದ್ದೆ, ಚಪ್ಪಾಳೆ ಬರುತ್ತಿತ್ತು.

ಆ ದಶಕದ ಕೊನೆಗೆ ಶಕ್ತಿನಗರದಲ್ಲಿ ಒಂದು ಉಪನ್ಯಾಸವಿತ್ತು. ಮುಗಿದ ಮೇಲೆ ಒಬ್ಬಳು ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಅದೇ ಹುಡುಗಿ. ವಿದ್ಯುತ್ ಸ್ಥಾವರದ ಕಚೇರಿಯಲ್ಲಿ ಟೈಪಿಸ್ಟು. ಎರಡು ಕೋಣೆಯ ಕ್ವಾರ್ಟರ್ಸು, ನೌಕರಿಯ ಗಂಡ, ಕಂಕುಳಲ್ಲಿ ಒಂದು ಕೂಸು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿದವು. ಮನೆಗೆ ಕರೆದೊಯ್ದು ಚಹಾ ಕೊಟ್ಟಳು. ಕತೆ ಹೇಳಿದ ಅಮಲು ನನಗಿನ್ನೂ ಇಳಿದಿರಲಿಲ್ಲ.

“ಅವತ್ತು ನಿನಗ ಅಷ್ಟು ಧೈರ್ಯ ಬಂತಲ್ಲ,” ಎಂದೆ. “ಅದಕ್ಕಿಂತ ಮೊದಲ ಯಾಕ ಗ್ಲಾಸು ಮುಟ್ಟಲಿಲ್ಲವ್ವ? ಹೆದರಿಕಿ ಇತ್ತಾ?”

“ಹೆದರಿಕಿ ಇತ್ರೀ, ಆದ್ರ ಅದಲ್ಲ,” ಎಂದಳು. ಕೂಸಿಗೆ ಬಿಸ್ಕತ್ತು ಅದ್ದಿ ಕೊಡುತ್ತ, ಯಾವ ಸಿಟ್ಟೂ ಇಲ್ಲದೆ ಹೇಳಿದಳು. “ನೀವೂ ಆ ಮಾಸ್ತರೂ ನಮ್ಮ ನೀರಿನ ಸುದ್ದೀನ ಮಾತಾಡಾಕತ್ತೀರಿ ಅಂತ ನಮಗ ಗೊತ್ತಿತ್ತು. ಕಿಟಕ್ಯಾಗ ನೀವು ನಗೂದು ಕೇಳಿಸ್ತಿತ್ತು. ಟೀಚರದು ಮಾತು ಮುಗೀಲಿ, ಆಮ್ಯಾಲ ಕುಡಿಯೋಣು ಅಂತ ಕಾಯಾಕತ್ತಿದ್ವಿ. ಆ ವರ್ಷ ಬಿಸಲು ಭಾಳ ಇತ್ರೀ.”